ಅಪ್ಪನ ಮನೆಗೆ ವಿಸಿಟ್ ವೀಸಾ

ಮೊದಲು ಒಂದು ಒಗಟು. ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಆದರೆ ಆ ಮನೆಯ ಬಾಗಿಲು ದಾಟಬೇಕಾದರೆ ಮಗನಿಗೆ ವೀಸಾ ಬೇಕು, ವೀಸಾಕ್ಕೆ ಸಹಿ ಹಾಕುವ ಮನುಷ್ಯ ಮಗನ ಮಂಚದ ಮೇಲೆಯೇ ಮಲಗಿರುತ್ತಾನೆ. ಏನದು?

ಯೋಚಿಸಿ ದಣಿಯಬೇಡಿ, ಬರುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಎರಡು ವರ್ಷ ಕೂತ ರಂಜಿತನಿಗೂ ಬರಲಿಲ್ಲ, ಉತ್ತರ ಅವನೇ ಆಗಿದ್ದರೂ.

ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಒಂದು ಹಳೇ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಮುನ್ನೂರ ನಾಲ್ಕನೇ ನಂಬರಿನ ಫ್ಲಾಟ್ ಉಂಟು. ಒಂದು ಕೋಣೆ, ಒಂದು ಹಾಲ್, ಹಾಲಿನ ಮೂಲೆಯಲ್ಲಿ ಪರದೆ, ಪರದೆಯ ಹಿಂದೆ ಒಂದು ಮಂಚ. ಕೋಣೆಯಲ್ಲಿ ಗುಣಪಾಲ ಮತ್ತು ರಾಜೀವಿ ದಂಪತಿ. ಮಂಚದ ಮೇಲೆ ಅವರ ಹದಿನಾರು ವರ್ಷದ ಮಗ ರಂಜಿತ್. ಶಾಲೆಯವರು ಕೈಮುಗಿದು ಕಳಿಸಿದ ಮೇಲೆ ಅವನು ಮನೆಯಲ್ಲೇ ಕೂತು ಓಪನ್ ಸ್ಕೂಲ್ ಪರೀಕ್ಷೆಗೆ ಓದುತ್ತಿದ್ದ. ಅಂದರೆ ಮನೆಯಲ್ಲೇ ಕೂತಿದ್ದ.

ಗುಣಪಾಲ ಟೈಪಿಂಗ್ ಸೆಂಟರಿನಲ್ಲಿ ಇಡೀ ದಿನ ಬೇರೆಯವರ ವೀಸಾ ಅರ್ಜಿ ತುಂಬುವ ಕೆಲಸದವರು. ದುಬೈಗೆ ಬರುವ ಮೊದಲು ಊರಿನ ಪಂಚಾಯತ್ ಕಚೇರಿಯಲ್ಲಿ ಎರಡು ವರ್ಷ ದಿನಗೂಲಿ ಗುಮಾಸ್ತರಾಗಿದ್ದರು. ಹೀಗಾಗಿ ಅವರಿಗೆ ಎರಡೂ ದೇಶದ ಅರ್ಜಿ ಬರೆಯಲು ಬರುತ್ತಿತ್ತು, ಯಾವ ದೇಶದಲ್ಲೂ ಇಲ್ಲ ಅನ್ನಲು ಬರುತ್ತಿರಲಿಲ್ಲ.

ಇದು ಸಾಬೀತಾದದ್ದು ಒಂದು ಸೋಮವಾರ. ಬೆಳಿಗ್ಗೆ ಕಟ್ಟಡದ ಆಫೀಸಿನಿಂದ ಕಾಗದ ಬಂತು: ಬಾಡಿಗೆ ವರ್ಷಕ್ಕೆ ಎಂಟು ಸಾವಿರ ದಿರ್ಹಮ್ ಹೆಚ್ಚು. ಮಧ್ಯಾಹ್ನ ಊರಿನಿಂದ, ಹೆಜಮಾಡಿಯಿಂದ, ತಂಗಿ ಅಮಿತಾಳ ಫೋನ್ ಬಂತು, ಮಗಳ ವಿಷಯ.

"ಅಣ್ಣಾ, ತೃಷಾಳಿಗೆ ಮಂಗಳೂರಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹದಿನೈದನೇ ತಾರೀಕಿನೊಳಗೆ ಎಂಬತ್ತು ಸಾವಿರ ಕಟ್ಟಬೇಕಂತೆ. ನೀನು ಆಗ ಹೇಳಿದ್ದಿಯಲ್ಲ..."

"ಆಯ್ತು. ನೀನು ತಲೆಬಿಸಿ ಮಾಡಬೇಡ," ಅಂದರು ಗುಣಪಾಲ.

ಫೋನ್ ಇಟ್ಟ ಮೇಲೆ ರಾಜೀವಿ ಕೇಳಿದಳು, "ಆಯ್ತು ಅಂದ್ರಲ್ಲ, ಎಂತ ಆಯ್ತು?"

"ಅದನ್ನೇ ನೋಡಬೇಕು."

ನೋಡುವುದಕ್ಕೆ ಅಂದು ಸಂಜೆಯೇ ಕುಟುಂಬ ವೆಚ್ಚ ನಿಯಂತ್ರಣ ಪ್ರಾಧಿಕಾರ ಸ್ಥಾಪನೆಯಾಯಿತು. ಅಧ್ಯಕ್ಷರು ಗುಣಪಾಲ. ಕಾರ್ಯದರ್ಶಿ ಗುಣಪಾಲ. ಸಾರ್ವಜನಿಕರು ರಾಜೀವಿ ಮತ್ತು ರಂಜಿತ್. ಒಂದನೇ ಸುತ್ತೋಲೆ ಫ್ರಿಡ್ಜಿನ ಮೇಲೆ ಅಂಟಿತು:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಫ್ರಿಡ್ಜಿನ ಬಾಗಿಲು ತೆರೆದಿಟ್ಟುಕೊಂಡು ಯೋಚಿಸುವುದನ್ನು ನಿಷೇಧಿಸಲಾಗಿದೆ. ಯೋಚನೆಯನ್ನು ಹೊರಗೆ ಮುಗಿಸಿಕೊಂಡು ಬರತಕ್ಕದ್ದು. ಎಸಿಯನ್ನು ಇಪ್ಪತ್ತಾರರಲ್ಲಿ ಇಡತಕ್ಕದ್ದು. ಸೆಕೆಯಾಗುತ್ತದೆ ಎಂಬ ದೂರುಗಳನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು. ಬರೆದ ಕಾಗದವನ್ನೇ ಬೀಸಣಿಗೆಯಾಗಿ ಬಳಸಬಹುದು."

ಒಂದು ವಾರದಲ್ಲಿ ಆರು ಸುತ್ತೋಲೆ ಬಂದವು, ಉಳಿತಾಯ ನಲವತ್ತೊಂದು ದಿರ್ಹಮ್. ಅದರಲ್ಲಿ ಹನ್ನೆರಡು ಸುತ್ತೋಲೆಯ ಪ್ರಿಂಟಿಗೆ ಹೋಯಿತು.

ರಂಜಿತನಿಗೆ ಇಂಥ ಭಾಷೆ ಕಂಡರೆ ಕೈ ತುರಿಸುತ್ತಿತ್ತು. ಅವನು ರಬ್ಬರ್ ತುಂಡನ್ನು ಬ್ಲೇಡಿನಿಂದ ಕೆತ್ತಿ ಪ್ರಾಧಿಕಾರಕ್ಕೆ ಒಂದು ದುಂಡು ಮೊಹರು ಮಾಡಿದ. ನಡುವೆ ಒಂಟೆ ಕೆತ್ತಲು ಹೊರಟು ನಾಯಿಯಂಥದ್ದು ಏನೋ ಬಂತು. ಆಮೇಲೆ ಒಂದು ಚೀಟಿ ಬರೆದು, ಅಪ್ಪನ ಮೊಬೈಲ್ ನಂಬರ್ ಹಾಕಿ, ಮೊಹರು ಒತ್ತಿ, ಕೆಳಗಿನ ಅಬ್ದುಲ್ ರವೂಫರ ಬಖಾಲದ ಬೋರ್ಡಿಗೆ ಅಂಟಿಸಿದ. ಊರಿನವರೆಲ್ಲ ಹಾಲು, ಕುಬ್ಬೂಸ್ ರೊಟ್ಟಿ ತರಲು ಬರುವ ಅಂಗಡಿ ಅದು.

"ಬೆಡ್ ಸ್ಪೇಸ್ ಲಭ್ಯ. ಕನ್ನಡ ಫ್ಯಾಮಿಲಿ. ಮಂಚ, ಪರದೆ, ವೈಫೈ, ಭಾನುವಾರ ಬೂತಾಯಿ ಮೀನುಸಾರು. ತಿಂಗಳಿಗೆ ಎಂಟುನೂರ ಐವತ್ತು. ವಿ.ಸೂ: ಮನೆಯಲ್ಲಿ ಗಂಡುಹುಡುಗರ ಕಾಟವಿಲ್ಲ."

ಕೊನೆಯ ಸಾಲು ಬರೆದು ಅವನು ಒಬ್ಬನೇ ನಕ್ಕ. ಅವನ ಜೀವನದಲ್ಲಿ ಅಷ್ಟು ದುಬಾರಿಯಾದ ನಗು ಅದಕ್ಕೆ ಮೊದಲು ಬಂದಿರಲಿಲ್ಲ.

ಲೆಕ್ಕಾಚಾರ ಸರಳವಿತ್ತು. ಫೋನ್ ಬರುತ್ತದೆ, ಅಪ್ಪ ಕೆಂಡವಾಗುತ್ತಾರೆ, ಸುತ್ತೋಲೆ ನಿಲ್ಲುತ್ತದೆ. ಫೋನ್ ಬಂತು, ಸಂಜೆಯೊಳಗೆ ಇಪ್ಪತ್ತಮೂರು. ಮೊದಲ ನಾಲ್ಕಕ್ಕೆ ಗುಣಪಾಲ "ರಾಂಗ್ ನಂಬರ್" ಅಂದರು. ಐದನೆಯದಕ್ಕೆ "ಎಷ್ಟು ಅಂದ್ರಿ?" ಅಂದರು. ಆರನೆಯದಕ್ಕೆ ಕ್ಯಾಲ್ಕುಲೇಟರ್ ತೆಗೆದರು.

ಏಳನೇ ಸುತ್ತೋಲೆ ಹೀಗಿತ್ತು: "ಪ್ರಾಧಿಕಾರದ ಹಿತದೃಷ್ಟಿಯಿಂದ ತನ್ನ ಮಂಚವನ್ನು ಸ್ವಯಂಪ್ರೇರಿತನಾಗಿ ಬಿಟ್ಟುಕೊಟ್ಟ ಶ್ರೀ ರಂಜಿತ್ ಇವರ ದೂರದೃಷ್ಟಿಯನ್ನು ಪ್ರಾಧಿಕಾರವು ಶ್ಲಾಘಿಸುತ್ತದೆ. ಮೊಹರಿನ ವಿನ್ಯಾಸವನ್ನು ಅಂಗೀಕರಿಸಲಾಗಿದೆ."

"ಅಪ್ಪಾ, ಅದು ಜೋಕ್! ಇಟ್ ವಾಸ್ ಎ ಜೋಕ್!"

"ಆಕ್ಷೇಪಣೆಯ ಅವಧಿ ಮುಗಿದಿದೆ," ಅಂದರು ಗುಣಪಾಲ. "ಬೆಳಿಗ್ಗೆ ಹತ್ತಕ್ಕೇ ಮುಗೀತು. ನೀನು ಮಲಗಿದ್ದಿ."

ಶುಕ್ರವಾರ ಗೇಬ್ರಿಯಲ್ ಬಂದ. ಮೂಲ ಕಿನ್ನಿಗೋಳಿ, ಕೆಲಸ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಕಾರಿಗೆ ಪೇಂಟ್ ಹೊಡೆಯುವುದು. ಐವತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ನಾಲ್ಕು ತಿಂಗಳ ಅಡ್ವಾನ್ಸ್ ಮೂರು ಸಾವಿರದ ನಾನೂರು ದಿರ್ಹಮನ್ನು ಮೇಜಿನ ಮೇಲಿಟ್ಟ. ಆಮೇಲೆ ಮೊಬೈಲ್ ತೆಗೆದು ಚೀಟಿಯ ಫೋಟೋ ತೋರಿಸಿದ.

"ಇಲ್ಲಿ ಗಂಡುಹುಡುಗರು ಇಲ್ಲ ಅಂತ ಉಂಟು."

"ಇಲ್ಲ," ಅಂದರು ಗುಣಪಾಲ.

"ಹಾಗಾದ್ರೆ ಇವ ಯಾರು?"

ರಂಜಿತ್ ಎದುರಿಗೇ ನಿಂತು ಬಾಳೆಹಣ್ಣು ತಿನ್ನುತ್ತಿದ್ದ. ಗುಣಪಾಲ ಮೇಜಿನ ಮೇಲಿನ ದುಡ್ಡು ನೋಡಿದರು, ಮಗನನ್ನು ನೋಡಿದರು, ಮತ್ತೆ ದುಡ್ಡು ನೋಡಿದರು.

"ಇವನಾ? ವಿಸಿಟಿಗೆ ಬಂದದ್ದು."

"ಎಷ್ಟು ದಿನಕ್ಕೆ?"

"ಮೂವತ್ತು ದಿನ."

ಬಾಯಲ್ಲಿ ಬಂದದ್ದು ಕಾಗದದಲ್ಲೂ ಇರಬೇಕೆಂಬುದು ಟೈಪಿಂಗ್ ಸೆಂಟರಿನ ಶಿಸ್ತು. ಅರ್ಧ ಗಂಟೆಯಲ್ಲಿ ವೀಸಾ ತಯಾರಾಯಿತು. ಭೇಟಿಯ ಉದ್ದೇಶ: ಊಟ. ತಂಗುವ ಸ್ಥಳ: ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಇನ್ನು ಮುಂದೆ ಆಗಮನ ವಿಭಾಗ. ಅವಧಿ ಮೀರಿ ತಂಗಿದರೆ ದಂಡ: ದಿನಕ್ಕೆ ಐವತ್ತು ಪಾತ್ರೆ ತೊಳೆಯುವುದು. ಪ್ರಾಯೋಜಕರು ಎಂಬ ಜಾಗ ಮಾತ್ರ ಖಾಲಿ ಉಳಿಯಿತು. ಅಪ್ಪ ಅಂತ ಬರೆದರೆ ಹುಡುಗ ಇದ್ದಾನೆ ಅಂತ ಒಪ್ಪಿದ ಹಾಗಾಗುತ್ತದೆ.

ರಾಜೀವಿಗೆ ತಡೆಯಲಿಲ್ಲ. "ನೋಡಿ, ಇವನನ್ನು ಹೆತ್ತದ್ದು ನಾನು. ನನ್ನ ಹತ್ರ ಬರ್ತ್ ಸರ್ಟಿಫಿಕೇಟ್ ಉಂಟು."

"ಅಟೆಸ್ಟೇಶನ್ ಆಗಿದೆಯಾ?"

"ಎಲ್ಲ ಆಗಿದೆ, ನೀವೇ ಮಾಡಿಸಿದ್ದು! ತೋರಿಸ್ತೇನೆ ನಿಲ್ಲಿ."

ಸರ್ಟಿಫಿಕೇಟ್ ಇದ್ದದ್ದು ಮಂಚದ ಡ್ರಾಯರಿನಲ್ಲಿ. ಮಂಚದ ಮೇಲೆ ಆಗಲೇ ಗೇಬ್ರಿಯಲ್ ಮಲಗಿದ್ದ. ಬಾಡಿಗೆದಾರರ ನಿದ್ದೆ ಕೆಡಿಸಬಾರದೆಂದು ಎಂಟನೇ ಸುತ್ತೋಲೆಯಲ್ಲಿ ಸ್ಪಷ್ಟವಿದ್ದುದರಿಂದ ತಾಯ್ತನದ ದಾಖಲೆ ಹಾಜರಾಗಲಿಲ್ಲ.

ಮೂರು ಸಾವಿರದ ನಾನೂರು ದಿರ್ಹಮ್ ಅದೇ ಸಂಜೆ ಎಕ್ಸ್‌ಚೇಂಜಿನ ಮೂಲಕ ಹೆಜಮಾಡಿಗೆ ಹೋಗಿ, ಮರುದಿನ ನರ್ಸಿಂಗ್ ಕಾಲೇಜಿನ ಖಾತೆ ಸೇರಿತು.

ಹತ್ತು ದಿನ ಚಪ್ಪಲಿಗಳ ಪಕ್ಕ ಮಲಗಿದ ರಂಜಿತ್ ಮನೆಯಲ್ಲಿ ಯಾರ್ಯಾರು ಎಲ್ಲೆಲ್ಲಿ ನಡೆದು ಬಂದಿದ್ದಾರೆಂದು ಮೂಗಿನಲ್ಲೇ ಹೇಳುವಷ್ಟು ಪಳಗಿದ. ಆದರೆ ಮಂಚದ ಆಸೆ ಹೋಗಲಿಲ್ಲ. ಬುದ್ಧಿ ಉಪಯೋಗಿಸಿದ. ಅವನು ಬುದ್ಧಿ ಉಪಯೋಗಿಸಿದಾಗಲೆಲ್ಲ ಕುಟುಂಬಕ್ಕೆ ಏನಾದರೂ ಆಗುತ್ತಿತ್ತು. ಹನ್ನೆರಡನೇ ಸುತ್ತೋಲೆ, ಖೋಟಾ, ಪರದೆಗೆ ಪಿನ್ನಿನಲ್ಲಿ ಚುಚ್ಚಿದ್ದು:

"ಬಾಡಿಗೆದಾರರ ಗೊರಕೆಯನ್ನು ತಜ್ಞರಿಂದ ಅಳತೆ ಮಾಡಿಸಲಾಗಿದ್ದು, ತಿಂಗಳಿಗೆ ನೂರು ದಿರ್ಹಮ್ ಧ್ವನಿ ಶುಲ್ಕ ವಿಧಿಸಲಾಗಿದೆ. ಎಡಮಗ್ಗುಲಲ್ಲಿ ಮಲಗುವವರಿಗೆ ಶೇಕಡಾ ಹತ್ತು ರಿಯಾಯಿತಿ."

ಗೇಬ್ರಿಯಲ್ ಗ್ಯಾರೇಜಿನಿಂದ ಬಂದು ಓದಿದ. ಎರಡು ಸಲ ಓದಿದ. ಪಿನ್ ತೆಗೆದು ಜೋಪಾನವಾಗಿ ಗುಣಪಾಲರ ಕೈಗೆ ಕೊಟ್ಟ.

"ನಾನು ಹದಿನಾಲ್ಕು ವರ್ಷದಿಂದ ಈ ದೇಶದಲ್ಲಿ ಎಲ್ಲದಕ್ಕೂ ಫೀಸ್ ಕೊಟ್ಟಿದ್ದೇನೆ, ಗುಣಪಾಲಣ್ಣ. ಗೊರಕೆಗೆ ಕೊಡುದಿಲ್ಲ. ಖಲಾಸ್. ನಾಳೆ ಹೋಗ್ತೇನೆ. ಅಡ್ವಾನ್ಸ್ ವಾಪಸ್ ಕೊಡಿ."

ಗುಣಪಾಲ ಮೊಹರು ನೋಡಿದರು. ಮೊಹರು ಅಸಲಿಯಾಗಿತ್ತು. ತಮ್ಮದೇ ಪ್ರಾಧಿಕಾರದ ಆದೇಶವನ್ನು ಸುಳ್ಳೆನ್ನಲು ಅವರಿಗೆ ಬರಲಿಲ್ಲ. ಸೋಫಾದ ತುದಿಯಲ್ಲಿ ಕೂತು, ಚೀಟಿಯ ಹಿಂಬದಿಯಲ್ಲಿ 3,400 ಅಂತ ಬರೆದು, ಅದರ ಕೆಳಗೆ ಒಂದು ಗೆರೆ ಎಳೆದರು. ಗೆರೆಯ ಕೆಳಗೆ ಏನೂ ಬರೆಯಲಿಲ್ಲ.

ಅದೇ ಹೊತ್ತಿಗೆ ಫೋನ್ ಬಂತು. ಗುಣಪಾಲ ಎತ್ತಲಿಲ್ಲ. ರಂಜಿತ್ ಎತ್ತಿದ. ಹೆಜಮಾಡಿಯಿಂದ ತೃಷಾ.

"ಏ ರಂಜಿ, ಮಾವ ಇಲ್ವಾ? ಯೂನಿಫಾರ್ಮಿಗೆ ಅಳತೆ ಕೊಟ್ಟು ಬಂದೆ ಅಂತ ಹೇಳು. ಬಿಳೀದು. ಮತ್ತೆ, ನಿನ್ನ ಮಂಚ ನೀನೇ ಬಿಟ್ಟುಕೊಟ್ಟದ್ದಂತೆ? ಅಮ್ಮ ಹೇಳಿ ಹೇಳಿ ಅಳ್ತಾಳೆ. ಥ್ಯಾಂಕ್ಸ್ ಮಾರಾಯ. ನಾನಾದ್ರೆ ಸತ್ರೂ ಕೊಡ್ತಿರಲಿಲ್ಲ."

ಮಾಡದ ಒಳ್ಳೆಯ ಕೆಲಸಕ್ಕೆ ಹೊಗಳಿಕೆ ಬಂದರೆ ಅದನ್ನು ಎಲ್ಲಿ ಇಡುವುದೆಂದು ರಂಜಿತನಿಗೆ ಯಾರೂ ಕಲಿಸಿರಲಿಲ್ಲ. ಬಹುಶಃ ಅದು ಹತ್ತನೇ ಕ್ಲಾಸಿನ ಪಾಠ.

ಫೋನ್ ಇಟ್ಟು ನೇರ ಪರದೆಯ ಹತ್ತಿರ ಹೋದ. ಗೇಬ್ರಿಯಲ್ ಬಟ್ಟೆ ಮಡಚುತ್ತಿದ್ದ.

"ಅಂಕಲ್, ಗೊರಕೆಯದ್ದು ನಾನು ಬರೆದದ್ದು. ಬೋರ್ಡಿಂದೂ ನಾನೇ."

"ಗೊತ್ತುಂಟು. ಎಡಮಗ್ಗುಲಿಗೆ ರಿಯಾಯಿತಿ ಕೊಟ್ಟಿದ್ದಿ. ನಿನ್ನಪ್ಪ ಹಾಗೆ ಬರೆಯುದಿಲ್ಲ." ಗೇಬ್ರಿಯಲ್ ಅಂಗಿ ಮಡಚಿ ಬ್ಯಾಗಿಗೆ ಇಟ್ಟ. "ಹುಡುಗ ಇಲ್ಲ ಅಂತ ಹೇಳಿ ಹುಡುಗನ್ನ ಇಟ್ಟದ್ದು ಸರಿಯಾ?"

"ಸರಿಯಲ್ಲ. ಅದಕ್ಕೆ ನೀವೇ ನನ್ನ ಸ್ಪಾನ್ಸರ್ ಆಗಿ."

"ಎಂತ?"

"ವೀಸಾದಲ್ಲಿ ಆ ಜಾಗ ಖಾಲಿ ಉಂಟು. ನೀವು ಸಹಿ ಹಾಕಿದ್ರೆ ನಾನು ಇದ್ದೇನೆ. ಹಾಕದಿದ್ರೆ ಇಲ್ಲ. ಆಗ ಬೋರ್ಡಿನಲ್ಲಿ ಬರೆದದ್ದೂ ಸುಳ್ಳಾಗುದಿಲ್ಲ."

ಗೇಬ್ರಿಯಲನ ಕೈ ನಿಂತಿತು. ಹದಿನಾಲ್ಕು ವರ್ಷ, ಐದು ಕಂಪೆನಿ, ಪ್ರತಿಸಲವೂ ಯಾವುದಾದರೊಂದು ಮೇಜಿನ ಮುಂದೆ ಕೈಕಟ್ಟಿ ಯಾರದ್ದಾದರೊಂದು ಸಹಿಗೆ ಕಾದ ಮನುಷ್ಯ ಅವನು. ಸಹಿ ಹಾಕುವ ಬದಿಯಲ್ಲಿ ಕೂತು ಗೊತ್ತಿರಲಿಲ್ಲ.

"ಕಾಗದ ತಾ," ಅಂದ.

ರಂಜಿತ್ ತಂದ. ಗೇಬ್ರಿಯಲ್ ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಕನ್ನಡಕ ಹಾಕಿ, ಪ್ರತಿಯೊಂದು ಸಾಲನ್ನೂ ಓದಿದ. ಆಮೇಲೆ ಹೇಳಿದ, "ಫೋಟೋ ಇಲ್ಲ. ಎರಡು ಫೋಟೋ, ಹಿನ್ನೆಲೆ ಬಿಳಿ. ನಾಳೆ ಬಾ."

ಮರುದಿನ ಫೋಟೋ ತಂದಾಗ, "ಕಿವಿ ಕಾಣುದಿಲ್ಲ," ಅಂದ. ಮೂರನೇ ದಿನ ಸಹಿ ಹಾಕಿದ. ಬ್ಯಾಗಿನ ಬಟ್ಟೆ ಮತ್ತೆ ಮೊಳೆಗೆ ಬಂತು. ಸಹಿಗೆಂದೇ ಒಂದು ಬಂಗಾರದ ಬಣ್ಣದ ಪೆನ್ನೂ ಬಂತು.

ಹೀಗೆ ಮನೆಯ ಆಡಳಿತ ಒಂದು ಹದಕ್ಕೆ ಬಂದಿತು. ಮೂವತ್ತನೇ ದಿನ ನಿಯಮದಂತೆ ರಂಜಿತ್ ದೇಶ ಬಿಟ್ಟು ಹೋಗಿ ಹೊಸ ವೀಸಾದ ಮೇಲೆ ಒಳಬರಬೇಕಾಗಿತ್ತು. ದೇಶ ಅಂದರೆ ಮುನ್ನೂರ ನಾಲ್ಕು. ವಿದೇಶ ಅಂದರೆ ಎದುರಿನ ಮುನ್ನೂರ ಐದು, ಬಖಾಲದ ಅಬ್ದುಲ್ ರವೂಫರ ಮನೆ. ಅವನು ಬ್ಯಾಗ್ ಹಿಡಿದು ನಾಲ್ಕು ಹೆಜ್ಜೆ ದಾಟಿ ಬೆಲ್ ಮಾಡಿದ.

ರವೂಫ್ ಬಾಗಿಲು ತೆಗೆದು ಒಳಗಿದ್ದ ಹೆಂಡತಿಗೆ ಕೂಗಿದರು, "ಖದೀಜಾ, ಗುಣಪಾಲಣ್ಣನ ಮಗ ಡಿಪೋರ್ಟ್ ಆಗಿ ಬಂದ. ಪತ್ತಿರ್ ಇನ್ನೆರಡು ಹೆಚ್ಚು ಮಾಡು."

"ಡಿಪೋರ್ಟ್ ಅಲ್ಲ ರವೂಫಾಕ, ವೀಸಾ ಚೇಂಜ್."

"ಅದೇ ಅದೇ. ಎಲ್ಲರೂ ಮೊದಲು ಹಾಗೇ ಹೇಳುದು."

ಖದೀಜ ಅಕ್ಕಿಹಿಟ್ಟಿನ ತೆಳು ಪತ್ತಿರ್, ಕೋಳಿಸಾರು ಬಡಿಸಿ ಕೇಳಿದಳು, "ಅಲ್ಲಿ ನಿಮ್ಮ ದೇಶದಲ್ಲಿ ಈಗ ಹೇಗುಂಟು, ಮಗಾ?"

"ಬೆಲೆ ಎಲ್ಲ ಏರಿದೆ ಆಂಟಿ," ಅಂದ ರಂಜಿತ್ ಸಾರು ಬಡಿಸಿಕೊಳ್ಳುತ್ತಾ. "ಜನ ಒಳ್ಳೆಯವರು."

ಊಟವಾದ ಮೇಲೆ ಖದೀಜ ಅವನ ಕಾಗದದ ಮೇಲೆ ನಿರ್ಗಮನ ಎಂದು ಬರೆದಳು. ನಾಲ್ಕು ಹೆಜ್ಜೆ ವಾಪಸ್ ಬಂದಾಗ ರಾಜೀವಿ ಬಾಗಿಲಲ್ಲೇ ಸ್ಟೂಲ್ ಹಾಕಿ ಕೂತಿದ್ದಳು, ಕೈಯಲ್ಲಿ ಅವನೇ ಕೆತ್ತಿದ ರಬ್ಬರ್ ಮೊಹರು.

"ಭೇಟಿಯ ಉದ್ದೇಶ?"

"ಅಮ್ಮಾ, ಸುಮ್ಮನೆ ಬಿಡು."

"ಉದ್ದೇಶ ಹೇಳದೆ ಬಿಡುವ ಹಾಗಿಲ್ಲ. ನಿಮ್ಮಪ್ಪ ಹೇಳಿದ್ದಾರೆ."

"ಊಟ."

"ಊಟ ಅಲ್ಲಿ ಆಯ್ತಲ್ಲ?"

"ರಾತ್ರೀದು."

ರಾಜೀವಿ ಅವನ ಅಂಗೈಯನ್ನು ಒಂದು ಗಳಿಗೆ ಹಿಡಿದುಕೊಂಡು, ನಾಯಿಯಂಥ ಒಂಟೆಯನ್ನು ಒತ್ತಿದಳು.

ಆಮೇಲೆ ಆದದ್ದು ಇಷ್ಟು. ಪ್ರಾಧಿಕಾರದ ಶಿಸ್ತು ಕಂಡು ಕಟ್ಟಡದ ಆಫೀಸಿನವರಿಗೆ ಮನಸ್ಸು ಕರಗಿ, ಬಾಡಿಗೆಯನ್ನು ಹಳೇ ದರಕ್ಕೇ ಇಳಿಸಿ, ಕ್ಷಮೆ ಕೋರಿ ಕಾಗದ ಬರೆದರು. ಗೇಬ್ರಿಯಲ್ ಕಣ್ಣೊರೆಸಿಕೊಂಡು ಮಂಚ ಬಿಟ್ಟುಕೊಟ್ಟ. ಗುಣಪಾಲ ಇಪ್ಪತ್ತನೇ ಸುತ್ತೋಲೆಯಲ್ಲಿ ಮಗನಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಮಂಜೂರು ಮಾಡಿ, ಫ್ರಿಡ್ಜ್ ತೆರೆದಿಟ್ಟುಕೊಂಡು ಬೇಕಾದಷ್ಟು ಹೊತ್ತು ಯೋಚಿಸಲು ಅನುಮತಿ ಕೊಟ್ಟರು.

ಈ ಕೊನೆ ನಾನು ಕಟ್ಟಿದ್ದು. ಇಳಿದ ಬಾಡಿಗೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ತೃಷಾಳ ಕಾಲೇಜಿಗೆ ಇನ್ನೂ ಮೂರು ವರ್ಷ ಉಂಟು, ಗೇಬ್ರಿಯಲ್ ಅಂಕಲ್ ಮಂಚದಲ್ಲೇ ಇದ್ದಾರೆ, ಪೆನ್ನಿಗೆ ಎರಡನೇ ರಿಫಿಲ್ ಹಾಕಿಸಿದ್ದಾರೆ. ಸರಿಯಾದ ಕೊನೆ ಯೋಚಿಸಿ ಬರೆಯಬಹುದಿತ್ತು, ಆದರೆ ಇವತ್ತು ನನಗೆ ಮೂವತ್ತನೇ ದಿನ. ಎದುರು ಮನೆಯಿಂದ ಕೋಳಿಸಾರಿನ ಪರಿಮಳ ಬರ್ತಾ ಉಂಟು, ಬ್ಯಾಗ್ ಕಟ್ಟಬೇಕು.