ಟೀಚರಾ? ಮಾಮನಾ?

ನಾಚಿಕೆ ಜ್ವರದ ಹಾಗಲ್ಲ. ಜ್ವರ ಬಂದರೆ ರಜೆ ಸಿಗುತ್ತದೆ, ಗಂಜಿ ಸಿಗುತ್ತದೆ, ಹಣೆ ಮುಟ್ಟಿ ನೋಡಲಿಕ್ಕೆ ಒಬ್ಬರಾದರೂ ಇರುತ್ತಾರೆ. ನಾಚಿಕೆ ಬಂದವನು ಮಾತ್ರ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಗೇಟು ತೆಗೆಯಬೇಕು, ಯಾಕೆಂದರೆ ಗೇಟಿನ ಕೀ ಅವನ ಹತ್ತಿರವೇ ಉಂಟು. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ಒಂದು ಪುಟ್ಟ ಶಾಲೆಯಲ್ಲಿ ಆ ಕೀ ಇರುವುದು ನನ್ನ ಹತ್ತಿರ. ಶಾಲೆ ಎಂದರೆ ದೊಡ್ಡದೇನಲ್ಲ, ಒಂದನೇ ಕ್ಲಾಸಿಗೆ ಇನ್ನೂ ಬಹಳ ದೂರ ಇರುವ ಮಕ್ಕಳದ್ದು. ಚಡ್ಡಿ ಒದ್ದೆಯಾದರೆ ಊರಿಗೆಲ್ಲ ಸಾರುವ, ಮೂಗು ಒದ್ದೆಯಾದರೆ ಮಾತ್ರ ಗುಟ್ಟಾಗಿಡುವ ವಯಸ್ಸು.

ಇಂಥ ಶಾಲೆಗಳಲ್ಲಿ ಹುದ್ದೆ ಹೆಚ್ಚು, ಜನ ಕಡಿಮೆ. ಸುಗುಣ ಟೀಚರ್ ಮುಖ್ಯಸ್ಥೆ. ಜೊತೆಗೆ ಹಾಡು ಕಲಿಸುವುದು, ಗೇಟಿನಲ್ಲಿ ಮಕ್ಕಳಿಗಿಂತ ಜೋರಾಗಿ ಅಳುವ ತಾಯಂದಿರನ್ನು ಮನೆಗೆ ಕಳಿಸುವುದು ಅವರ ಕೆಲಸ. ನಸೀಮಾ ಮಿಸ್ ತರಗತಿ ಮತ್ತು ಪ್ರಥಮ ಚಿಕಿತ್ಸೆ. ಲೀಲಕ್ಕನದು ಅಡುಗೆ, ಮತ್ತು ಮಕ್ಕಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು. ಈ ಎರಡು ಕೆಲಸಗಳ ನಡುವೆ ಏಪ್ರನ್ ಬದಲಿಸಿ ಸಾಬೂನು ಹಾಕಿ ಕೈ ತೊಳೆಯಬೇಕೆಂದು ನಿಯಮ. ಲೀಲಕ್ಕ ನಿಯಮಕ್ಕಿಂತ ಒಂದು ಸಲ ಹೆಚ್ಚೇ ತೊಳೆಯುತ್ತಾರೆ, ನನ್ನನ್ನು ಕಂಡರೆ ಇನ್ನೂ ಒಂದು ಸಲ. ಉಳಿದದ್ದೆಲ್ಲ ನಾನು. ನೀರಿನ ಟ್ಯಾಂಕಿ ನೋಡುವುದು, ಉಯ್ಯಾಲೆಯ ಸರಪಳಿ ಎಳೆದು ನೋಡುವುದು, ಗುರುತಿಲ್ಲದ ಚಿಕ್ಕಪ್ಪಂದಿರ ಕೈಗೆ ಮಕ್ಕಳನ್ನು ಕೊಡದಿರುವುದು. ಈ ಎಲ್ಲದಕ್ಕೂ ಸೇರಿಸಿ ನನಗೆ ‘ಸುರಕ್ಷತಾ ಮೇಲ್ವಿಚಾರಕ’ ಎಂಬ ಹೆಸರು. ಕೇಳಲಿಕ್ಕೆ ಚಂದ ಉಂಟು. ಮನೆಯಲ್ಲಿ ಅಮ್ಮ ಇದನ್ನು ಕೇಳಿ, “ನಿನ್ನನ್ನು ನೋಡಿಕೊಳ್ಳಲಿಕ್ಕೆ ಯಾರನ್ನು ಇಟ್ಟಿದ್ದಾರೆ?” ಎಂದು ಕೇಳಿದರು.

ಅಮ್ಮನ ಪ್ರಶ್ನೆಗೆ ಕಾರಣ ಇಲ್ಲದಿಲ್ಲ. ನನಗೆ ಬೇರೆಯವರ ಸ್ವರವನ್ನು ಅವರ ಹಾಗೆಯೇ ತೆಗೆಯುವ ಚಟ. ಮೂಡುಬಿದಿರೆಯಲ್ಲಿ ಕಾಲೇಜು ಓದುವಾಗ ಪ್ರಿನ್ಸಿಪಾಲರ ಸ್ವರ ತೆಗೆದು ಬಹುಮಾನ ತೆಗೆದುಕೊಂಡದ್ದುಂಟು, ಬಹುಮಾನ ಕೊಟ್ಟ ಪ್ರಿನ್ಸಿಪಾಲರ ಮುಖ ಮಾತ್ರ ಫೋಟೋದಲ್ಲಿ ಸರಿ ಬರಲಿಲ್ಲ. ಬಸ್ಸಿನ ಕಂಡಕ್ಟರ್, ಮದುವೆ ಹಾಲಿನ ಮೈಕಿನವ, ಗಲ್ಫಿನಿಂದ ಫೋನ್ ಮಾಡಿ “ಇಲ್ಲಿ ಭಯಂಕರ ಸೆಕೆ ಮಾರಾಯಾ” ಎನ್ನುವ ಗೆಳೆಯ, ಯಾರನ್ನೂ ಬಿಟ್ಟವನಲ್ಲ. ಶಾಲೆಯ ವತಿಯಿಂದ ಅದೇ ಮೂಡುಬಿದಿರೆಗೆ ಒಂದು ದಿನದ ಸುರಕ್ಷತಾ ತರಬೇತಿಗೆ ಕಳಿಸಿದಾಗಲೂ ಹಾಗೆಯೇ ಆಯಿತು. ತರಬೇತಿ ಕೊಡುವವರು ವಾಕ್ಯಕ್ಕೊಮ್ಮೆ ಬೆಲ್ಟು ಮೇಲೆಳೆದುಕೊಂಡು “ಅಪಾಯ ಹೇಳಿ ಬರುವುದಿಲ್ಲ” ಎನ್ನುತ್ತಿದ್ದರು. ಚಹಾದ ಹೊತ್ತಿಗೆ ನಾನು ಅದನ್ನು ಮಾಡಿ ತೋರಿಸಿದೆ. ಬೆಳ್ತಂಗಡಿ ಕಡೆಯಿಂದ ಬಂದ ಟೀಚರುಗಳು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. “ಇನ್ನೊಮ್ಮೆ, ಇನ್ನೊಮ್ಮೆ” ಎಂದರು. ಹೀಗಾಗಿ ಚಹಾದ ನಂತರದ ಪಾಠಕ್ಕೆ ನಾನು ಒಳಗೆ ಹೋಗಲೇ ಇಲ್ಲ. ಅದರಲ್ಲಿ ಏನು ಹೇಳಿದರೆಂದು ನಸೀಮಾ ಮಿಸ್ ತರಬೇತಿಯ ಪುಸ್ತಿಕೆ ನೋಡಿ ನನಗೆ ಹೇಳಿದ್ದು ಈ ಕತೆಯೆಲ್ಲ ಮುಗಿದ ಮೇಲೆ: ತುರ್ತಿನಲ್ಲಿ ಮಕ್ಕಳು ಒಂದು ಸ್ವರವನ್ನು ನಂಬಬೇಕು, ಆ ಸ್ವರವನ್ನು ತಮಾಷೆಗೆ ಬಳಸಬಾರದು.

ನಮ್ಮ ಶಾಲೆಯಲ್ಲಿ ಆ ಸ್ವರ ಸುಗುಣ ಟೀಚರದ್ದು. ಸರಕಾರಿ ಶಾಲೆಯಲ್ಲಿ ಜೀವಮಾನ ಕಳೆದು ನಿವೃತ್ತರಾಗಿ ಬಂದವರು. ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು, ಆಮೇಲೆ ನಿಧಾನಕ್ಕೆ ಒಂದೊಂದೇ ಶಬ್ದ, ಕೊನೆಗೆ “ಆಯಿತಾ?” ಅಪಾಯ ಬಂದರೆ ಅವರು “ಮಕ್ಕಳೇ, ಬಸ್ಸು ಹೊರಡುತ್ತದೆ, ಆಯಿತಾ?” ಎನ್ನಬೇಕು, ಮಕ್ಕಳು ಎದ್ದು, ಮುಂದಿನವರ ಅಂಗಿ ಹಿಡಿದು, ಬಸ್ಸಿನ ಹಾಗೆ ಅಂಗಳದಾಚೆಯ ಹಲಸಿನ ಮರದ ಬುಡಕ್ಕೆ ಹೋಗಬೇಕು. ಅಭ್ಯಾಸ ಮಾಡಿಸಿದ್ದೂ ಅವರೇ. ಮಕ್ಕಳು ಕೆಮ್ಮು ಕೇಳಿದರೆ ಸಾಕು, ಎದ್ದು ನಿಲ್ಲುತ್ತಿದ್ದರು.

ಅವರು ಬಂಟ್ವಾಳಕ್ಕೆ ಒಂದು ಮೀಟಿಂಗಿಗೆ ಹೋದ ದಿನ ಮಕ್ಕಳ ಗಲಾಟೆ ತಾರಕಕ್ಕೇರಿತು. ತರಗತಿಯ ಬಾಗಿಲಿಗೆ ಒಂದು ಪರದೆ ಉಂಟು. ಅದರ ಹಿಂದೆ ನಿಂತು ನಾನು ಮೊದಲು ಕೆಮ್ಮಿದೆ, ಆಮೇಲೆ “ಮಕ್ಕಳೇ, ಬಾಯಿಯ ಮೇಲೆ ಬೆರಳು, ಆಯಿತಾ?” ಎಂದೆ. ಇಡೀ ತರಗತಿ ಬಾಯಿಯ ಮೇಲೆ ಬೆರಳಿಟ್ಟಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಚಪ್ಪಾಳೆಯ ಆಸೆಯವನು ನಾನು. ಪರದೆ ಸರಿಸಿ ಮುಖ ತೋರಿಸಿದೆ. ಮಕ್ಕಳು ಹುಚ್ಚೆದ್ದು ಕುಣಿದರು. ಮರುದಿನದಿಂದ ಟೀಚರ್ ಆಫೀಸಿನಲ್ಲಿ ಇಲ್ಲದಾಗಲೆಲ್ಲ ಅದೇ ಆಟ: ‘ಟೀಚರಾ? ಮಾಮನಾ?’ ಮಾಮ ಎಂದರೆ ನಾನು. ಪರದೆಯ ಹಿಂದಿನಿಂದ ನಾನು ಟೀಚರ ಸ್ವರದಲ್ಲಿ ‘ಬಸ್ಸು ಹೊರಡುತ್ತದೆ, ಆಯಿತಾ?’ ಎಂದಾಗ ಮೋಸ ಹೋಗಿ ಎದ್ದವರು ಔಟ್. ಔಟಾದವರು ಮೂಲೆಯ ಕುರ್ಚಿಯಲ್ಲಿ ಗೋಡೆ ನೋಡಿಕೊಂಡು ಕೂರಬೇಕು. ನಿಯಮ ಮಾಡಿದ್ದು, ಹೌದು, ಸುರಕ್ಷತಾ ಮೇಲ್ವಿಚಾರಕರೇ. “ಟೀಚರಿಗೆ ಗೊತ್ತಾದರೆ?” ಎಂದು ನಸೀಮಾ ಮಿಸ್ ಕೇಳಿದರು. “ಗೊತ್ತಾದರೆ ಅವರೂ ನಗ್ತಾರೆ ಮಿಸ್,” ಎಂದೆ, ಟೀಚರ ಸ್ವರದಲ್ಲೇ. ಮಿಸ್ಸಿಗೂ ನಗು ಬಂತು. ಆದ್ದರಿಂದ ನಾನು ಗೆದ್ದೆ ಎಂದುಕೊಂಡೆ.

ಹೀಗಿರುವಾಗ ಒಂದು ದಿನ ನಾನು ಅಂಗಳದಲ್ಲಿ ಉಯ್ಯಾಲೆಗೆ ಎಣ್ಣೆ ಬಿಡುತ್ತಿದ್ದೆ. ಅಡುಗೆಮನೆಯಿಂದ ಲೀಲಕ್ಕನ ಕೂಗು: “ಟೀಚರೇ, ಗ್ಯಾಸ್! ಹೊಸ ಸಿಲಿಂಡರು ಸ್ಸ್ ಅಂತ ಉಂಟು! ಮಕ್ಕಳನ್ನು ಹೊರಗೆ ಹಾಕಿ!” ನಾನಿದ್ದಲ್ಲಿಗೂ ವಾಸನೆ ಬಂತು. ಸುಗುಣ ಟೀಚರ್ ಓಡಿ ಬಂದು ಪರದೆಯ ಹೊರಗೆ ನಿಂತು ಕೆಮ್ಮಿದರು, ಈ ಸಲ ನಿಜವಾದ ಕೆಮ್ಮು, “ಮಕ್ಕಳೇ, ಬಸ್ಸು ಹೊರಡುತ್ತದೆ, ಆಯಿತಾ?” ಎಂದರು. ಒಳಗೆ ಕಿಸಕ್ಕನೆ ನಗು. ಕಿಟಕಿಯಿಂದ ನೋಡಿದೆ: ಎಲ್ಲರೂ ಎರಡೂ ಕೈ ಮೊಣಕಾಲಿಗೆ ಒತ್ತಿಕೊಂಡು, ಯಾರೂ ಔಟಾಗಬಾರದೆಂದು, ಗಟ್ಟಿಯಾಗಿ ಕೂತಿದ್ದಾರೆ. “ಮಾಮ! ಮಾಮ!” ಎಂದು ಕೂಗುತ್ತಿದ್ದಾರೆ. ಟೀಚರ್ ಪರದೆ ಸರಿಸಿ ಒಳಗೇ ಬಂದರು. ಸುಹಾನ್ ಎಂಬ ಪೋರ ಬಗ್ಗಿ ಅವರ ಸೀರೆಯ ಹಿಂದೆ ನೋಡಿ, “ಮಾಮ ಅಲ್ಲಿ ಅಡಗಿದ್ದಾರೆ!” ಎಂದ. “ಇಲ್ಲ ಮಗಾ, ನಾನೇ, ನಾನೇ ಹೇಳುವುದು,” ಎಂದರು ಟೀಚರ್. ಅಷ್ಟು ವರ್ಷ ಪಾಠ ಮಾಡಿದವರು ತಾನು ತಾನೇ ಎಂದು ಮೂರು ವರ್ಷದವನಿಗೆ ಸಾಬೀತು ಮಾಡುತ್ತಾ ನಿಂತಿದ್ದರು. ನಸೀಮಾ ಮಿಸ್ ಒಂದೊಂದು ಕಂಕುಳಿಗೆ ಒಂದೊಂದು ಮಗುವನ್ನು ಎತ್ತಿಕೊಂಡರೆ ಅವು “ನಾನು ಔಟ್ ಅಲ್ಲ!” ಎಂದು ಕೊಸರಾಡಿ ಜಾರುತ್ತಿದ್ದವು.

ನಾನು ಒಳಗೆ ನುಗ್ಗಿದೆ. ನನ್ನನ್ನು ಕಂಡು ಚಪ್ಪಾಳೆ ಬಿತ್ತು. ಜೀವನದಲ್ಲಿ ಮೊದಲ ಸಲ ಚಪ್ಪಾಳೆ ನನಗೆ ಬೇಡವಾಯಿತು. ಬಾಯಿ ತೆರೆದೆ. ಕಂಡಕ್ಟರನ ಸ್ವರವೂ ಬರಲಿಲ್ಲ, ಪ್ರಿನ್ಸಿಪಾಲರದ್ದೂ ಬರಲಿಲ್ಲ. “ಏಳಿ! ಇದು ಆಟ ಅಲ್ಲ!” ಎಂದು ಯಾರೋ ಕಿರುಚಿದರು, ನಡುವೆ ಒಡೆದು, ಕೊನೆಯಲ್ಲಿ ಕೀಚಲಾಗಿ ಹೋದ ಸ್ವರ. ಅದು ನನ್ನದೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಅಂಥ ಸ್ವರ ಮಕ್ಕಳು ಕೇಳಿರಲಿಲ್ಲ. ಮೊದಲು ಅಫ್ರಾ ಎಂಬ ಪುಟ್ಟ ಹುಡುಗಿಯ ತುಟಿ ಬಾಗಿತು, ಆಮೇಲೆ ಇಡೀ ತರಗತಿಯೇ ಅತ್ತಿತು. ಅಳುತ್ತಲೇ ಎದ್ದರು, ಅಳುತ್ತಲೇ ಅಭ್ಯಾಸಬಲದಿಂದ ಒಬ್ಬರ ಅಂಗಿ ಒಬ್ಬರು ಹಿಡಿದರು, ಬಸ್ಸು ಅಳುತ್ತಾ ಹಲಸಿನ ಮರ ಸೇರಿತು. ಅಷ್ಟರಲ್ಲಿ ಲೀಲಕ್ಕ ಕಿಟಕಿಗಳನ್ನೆಲ್ಲ ತೆರೆದು, ಸಿಲಿಂಡರಿಗೆ ಮುಚ್ಚಳ ಒತ್ತಿ ಹಿತ್ತಲಿಗೆ ಉರುಳಿಸಿದ್ದರು. ಏನೂ ಆಗಲಿಲ್ಲ. ಈ ‘ಏನೂ ಆಗಲಿಲ್ಲ’ ಎಂಬುದನ್ನು ನಾನು ಇಂದಿಗೂ ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡು ಬದಲಾಯಿಸಿಯಾರೆಂಬ ಹೆದರಿಕೆಯಲ್ಲಿ ಹೇಳುತ್ತೇನೆ.

ಮರದ ಬುಡದಲ್ಲಿ ಸುಗುಣ ಟೀಚರ್ ಮಕ್ಕಳನ್ನು ಸಮಾಧಾನ ಮಾಡಿದರು. “ಅಳಬೇಡಿ ಮಕ್ಕಳೇ, ಎಲ್ಲ ಸರಿ ಆಯಿತು, ಆಯಿತಾ?” ಎಂದರು. ಮಕ್ಕಳು ಅವರನ್ನು ನೋಡಲಿಲ್ಲ. ಎಲ್ಲರೂ ನನ್ನ ಬಾಯಿ ನೋಡಿದರು, ತುಟಿ ಅಲ್ಲಾಡುತ್ತದೋ ಎಂದು. ಟೀಚರ ಕಣ್ಣೂ ಮಕ್ಕಳ ಕಣ್ಣಿನ ಜಾಡು ಹಿಡಿದು ಬಂದು ನನ್ನ ಬಾಯಿಯ ಮೇಲೆ ನಿಂತಿತು. ಆಗ ಅವರಿಗೆ ಎಲ್ಲ ಅರ್ಥವಾಯಿತು.

ಸಂಜೆ ಗೇಟಿನಲ್ಲಿ ತಂದೆ ತಾಯಂದಿರಿಗೆ ಅವರೇ ಹೇಳಿದರು: “ಗ್ಯಾಸ್ ಸೋರಿತು, ಮಕ್ಕಳು ಕ್ಷೇಮ. ನನ್ನ ಸ್ವರ ಈಗ ಸಾಲುವುದಿಲ್ಲ, ಒಂದು ಗಂಟೆ ತರಿಸುವ ಅಂತ ಉಂಟು.” ಬೈದಿದ್ದರೆ ಆ ಬೈಗುಳದ ಸ್ವರವನ್ನಾದರೂ ಮನೆಯಲ್ಲಿ ಅಣಕಿಸಿ ನಾನು ಹಗುರಾಗುತ್ತಿದ್ದೆ. ಆಫೀಸಿಗೆ ಕರೆದರು. ಕೆಮ್ಮು ಬಂತು, ಅದನ್ನು ಅರ್ಧದಲ್ಲೇ ನುಂಗಿದರು. ಅದು ನನಗೆ ಕೇಳಿಸಿತು.

“ಒಮ್ಮೆ ಮಾಡಿ ತೋರಿಸು ನೋಡುವ,” ಎಂದರು.

“ಏನು ಟೀಚರ್?”

“ನನ್ನ ಸ್ವರ. ಮಕ್ಕಳಿಗೆ ಅಷ್ಟು ನಗು ಬರುವ ಹಾಗೆ ಉಂಟಾ ಅಂತ ನನಗೂ ಗೊತ್ತಾಗಲಿ.”

ಬಾಯಿ ತೆರೆದೆ. “ಬರುವುದಿಲ್ಲ ಟೀಚರ್,” ಎಂದೆ. “ನಾಳೆಯಿಂದಲೂ ಬರದಿದ್ದರೆ ಒಳ್ಳೆಯದು,” ಎಂದು ಅವರು ಸಿಲಿಂಡರಿನವನಿಗೆ ಫೋನ್ ಹಚ್ಚಿದರು. ನನ್ನ ಕೆಲಸ ಉಳಿಯಿತು. ಗಂಟೆ ಬಂತು, ಬಾರಿಸುವ ಕೆಲಸ ನಸೀಮಾ ಮಿಸ್ಸಿಗೆ ಹೋಯಿತು, ಗಂಟೆಯನ್ನು ಒರೆಸಿ ಹೊಳಪು ಮಾಡುವ ಕೆಲಸ ನನಗೆ. ಸುಗುಣ ಟೀಚರ್ ಮಾತ್ರ ಆಮೇಲೆ ಮಕ್ಕಳ ಎದುರು ಕೆಮ್ಮುತ್ತಿರಲಿಲ್ಲ.

ಮೊನ್ನೆ ನಾನು ಜಗಲಿಯಲ್ಲಿ ಅದೇ ಗಂಟೆ ಒರೆಸುತ್ತಾ ಕೂತಿದ್ದೆ. ತರಗತಿಯ ಪರದೆಯ ಹಿಂದಿನಿಂದ ಒಂದು ಸ್ವರ: “ಏಳಿ! ಇದು ಆಟ ಅಲ್ಲ!” ನಡುವೆ ಒಡೆದು, ಕೊನೆಯಲ್ಲಿ ಕೀಚಲಾದ ಸ್ವರ. ಗಂಟೆ ಕೈಯಿಂದ ಬಿತ್ತು. ಚಪ್ಪಲಿ ಒಂದು ಕಡೆ, ನಾನೊಂದು ಕಡೆ, ಓಡಿ ಹೋಗಿ ಪರದೆ ಕಿತ್ತೆಳೆದೆ. ಸುಹಾನ್ ನಿಂತಿದ್ದ. ಅವನ ಹಿಂದೆ ಮಕ್ಕಳೆಲ್ಲ ಕೈಗಳನ್ನು ಮೊಣಕಾಲಿಗೆ ಒತ್ತಿಕೊಂಡು ಕೂತಿದ್ದರು. ಒಬ್ಬರೂ ಎದ್ದಿರಲಿಲ್ಲ. ಅವರ ನಡುವೆ ಒಂದು ಪುಟ್ಟ ಚಾಪೆಯ ಮೇಲೆ ಸುಗುಣ ಟೀಚರ್, ಅವರ ಕೈಯೂ ಮೊಣಕಾಲ ಮೇಲೆ.

“ಮಾಮ ಔಟ್!” ಎಂದ ಸುಹಾನ್.

ಕಸುಬಿನವನಾಗಿ ಹೇಳುತ್ತೇನೆ, ಹುಡುಗ ತೆಗೆದ ಸ್ವರದಲ್ಲಿ ಒಂದು ಕೊರತೆಯೂ ಇರಲಿಲ್ಲ. ಟೀಚರ್ ನನ್ನನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಮಕ್ಕಳ ಎದುರೇ ಒಂದು ಸಣ್ಣ ಕೆಮ್ಮು ಕೆಮ್ಮಿದರು. “ನಿಯಮ ಯಾರು ಮಾಡಿದ್ದು?” ಎಂದು ಕೇಳಿದರು.

ನಾನು ಹೋಗಿ ಮೂಲೆಯ ಕುರ್ಚಿಯಲ್ಲಿ ಗೋಡೆ ನೋಡಿಕೊಂಡು ಕೂತೆ. ಕುರ್ಚಿ ತೀರಾ ಸಣ್ಣದು, ಒಂದು ಕಾಲು ಅಲ್ಲಾಡುತ್ತದೆ. ಅದನ್ನು ಸರಿ ಮಾಡಿಸಬೇಕಾದದ್ದೂ ಸುರಕ್ಷತಾ ಮೇಲ್ವಿಚಾರಕನೇ.