ಹೊಳೆದಂಡೆಯ ಪ್ರೊಫೆಸರು

ಕಾಲೇಜಿನಲ್ಲಿ ನಾನು ಜನರನ್ನು ನಗಿಸುತ್ತಿದ್ದೆ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿ ನೋಡಿದೆ. ಅವಳು ಸೌಟು ಹಿಡಿದುಕೊಂಡೇ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಯಾರನ್ನು?" ಎಂದು ಕೇಳಿದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಯಳಂದೂರಿನಲ್ಲಿ ಹೈಸ್ಕೂಲು ಹುಡುಗರಿಗೆ ಚರಿತ್ರೆ ಹೇಳಿಕೊಡುವ ಮೇಷ್ಟ್ರಿಗೆ ನಗು ಅಂಥ ಅಗತ್ಯದ ಸಾಮಾನೇನೂ ಅಲ್ಲ. ಸೋಮವಾರ ಮೇಷ್ಟ್ರು ಒಮ್ಮೆ ನಕ್ಕರೆ ತರಗತಿ ಮತ್ತೆ ಹದಕ್ಕೆ ಬರುವುದು ಶುಕ್ರವಾರಕ್ಕೆ.

ಆದರೆ ನಾನು ನಿಜವಾಗಿಯೂ ನಗಿಸುತ್ತಿದ್ದೆ. ಮೈಸೂರಿನ ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದೇ ಕೋಣೆಯಲ್ಲಿದ್ದೆವು: ಕೊಳ್ಳೇಗಾಲದ ನಂಜುಂಡ, ಹನೂರಿನ ಮಾದಪ್ಪ, ಮೈಸೂರಿನವನೇ ಆದರೂ ಮನೆಯಲ್ಲಿ ಓದಲಾಗುವುದಿಲ್ಲವೆಂದು ಬಂದು ಸೇರಿದ್ದ ಶ್ರೀಕಂಠ, ಮತ್ತೆ ನಾನು. ನಮಗೆ ಚರಿತ್ರೆ ಹೇಳುತ್ತಿದ್ದ ಪ್ರೊಫೆಸರೊಬ್ಬರಿದ್ದರು. ಕನ್ನಡಕವನ್ನು ಹಣೆಗೇರಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತು, "ಗಮನ ಎಲ್ಲಿದೆ ಮಹಾರಾಯರದು?" ಎಂದು ಕೇಳುವುದು ಅವರ ರೂಢಿ. ಅವರ ಹಾಗೆ ಮಾಡಿ ತೋರಿಸುವುದು ನನ್ನ ಕಸುಬು. ಮಾದಪ್ಪ ನಕ್ಕು ನಕ್ಕು ಮಂಚದಿಂದ ಬಿದ್ದದ್ದೂ ಉಂಟು. ಓದಿನಲ್ಲಿ ನಾನು ಅಷ್ಟಕ್ಕಷ್ಟೆ, ಆಟದಲ್ಲಿ ಸೊನ್ನೆ. ಸ್ನೇಹಿತರ ನಡುವೆ ನನಗೊಂದು ಬೆಲೆ ಇದ್ದದ್ದು ಇದೊಂದರಿಂದಲೇ.

ಬಿ.ಎ. ಮುಗಿದು ಆರು ವರ್ಷ ನಾವು ಒಟ್ಟಿಗೆ ಸೇರಲಿಲ್ಲ. ಕೊಳ್ಳೇಗಾಲಕ್ಕೂ ಯಳಂದೂರಿಗೂ ಇರುವುದು ಬಸ್ಸಿನಲ್ಲಿ ಒಂದು ಕೋಳಿನಿದ್ದೆಯಷ್ಟು ದೂರ. ಆದರೂ ನೌಕರಿ, ಮದುವೆ, ಬಾಣಂತನ ಎಂದು ದಿನ ಹೋಗಿಬಿಟ್ಟವು. ಕೊನೆಗೆ ನಂಜುಂಡ ಕಾರ್ಡು ಬರೆದ: "ಶನಿವಾರ ಮೂವರೂ ನಿನ್ನ ಮನೆಗೆ ಬರುತ್ತೇವೆ, ಭಾನುವಾರ ಹೊಳೆಗೆ ಹೋಗೋಣ. ಪ್ರೊಫೆಸರರನ್ನು ತಯಾರಾಗಿ ಇಟ್ಟಿರು." ಆರು ವರ್ಷದಿಂದ ನಾನು ಯಾರನ್ನೂ ಅಣಕಿಸಿರಲಿಲ್ಲ. ಬಚ್ಚಲಮನೆಯಲ್ಲಿ ಕದ ಹಾಕಿಕೊಂಡು ಅಭ್ಯಾಸ ಮಾಡಿದೆ. "ಒಬ್ಬರೇ ಯಾರ ಹತ್ತಿರ ಜಗಳ?" ಎಂದು ಹೆಂಡತಿ ಹೊರಗಿನಿಂದ ಕೇಳಿದಳು.

ಶನಿವಾರ ಮಧ್ಯಾಹ್ನ ಮೂವರೂ ಬಂದಿಳಿದರು. ಮಾದಪ್ಪನ ಹೆಗಲಲ್ಲಿ ಟ್ರಾನ್ಸಿಸ್ಟರು, ಶ್ರೀಕಂಠನ ನಡುವಿಗೆ ಸಣ್ಣದೊಂದು ಬೊಜ್ಜು. ಕಾಫಿಯಾಯಿತು, ಬೋಂಡವಾಯಿತು. "ಎಲ್ಲೋ ಪ್ರೊಫೆಸರು?" ಎಂದ ನಂಜುಂಡ. ನಾನು ಎದ್ದು ಕನ್ನಡಕ ಹಣೆಗೇರಿಸಿದೆ. ನಾಲ್ಕು ಹೆಜ್ಜೆ ನಡೆದೆ, ನಿಂತೆ, ಕೇಳಿದೆ. ಯಾರೂ ನಗಲಿಲ್ಲ. ಶ್ರೀಕಂಠ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ತಲೆಯಾಡಿಸಿದ. ಅದಕ್ಕಿಂತ ಅವನು ಬೈದಿದ್ದರೆ ವಾಸಿಯಿತ್ತು. ಮಾದಪ್ಪ ಟ್ರಾನ್ಸಿಸ್ಟರಿನ ಕಿವಿ ತಿರುಗಿಸತೊಡಗಿದ. ಇವರು ಮತ್ತೆ ಬರುವುದಿಲ್ಲ, ನಗಿಸಲಾರದ ನನ್ನ ಹತ್ತಿರ ಇವರಿಗೇನು ಕೆಲಸ ಎಂದುಕೊಂಡೇ ನಾನು ಆ ದಿನ ಮಲಗಿದ್ದು.

ಭಾನುವಾರ ಬೆಳಿಗ್ಗೆ ಹೆಂಡತಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಟ್ಟಳು. ಸುವರ್ಣಾವತಿ ಹೊಳೆಯಲ್ಲಿ ಸೊಂಟದಷ್ಟು ನೀರಿತ್ತು. ಈ ಮೂವರು ಪದವೀಧರರು ನೀರಿಗಿಳಿದ ಗಳಿಗೆಯಿಂದ ಮಂಗಗಳಾದರು. ಕರೆದರೆ ಮೇಲೆ ಬರಲಿಲ್ಲ. ಬಂದವರು ಒದ್ದೆ ಚಡ್ಡಿಯಲ್ಲೇ ಜಮಖಾನದ ಮೇಲೆ ಕೂತರು. ಮಾದಪ್ಪ ಮೊಸರನ್ನದ ಡಬ್ಬಿಗೇ ಕೈ ಹಾಕಿದ. ಶ್ರೀಕಂಠ ಉಂಡ ಎಲೆಯನ್ನು ಹೊಳೆಗೆ ಎಸೆದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಏನು, ಸಂತೆ ಅಂದ್ಕೊಂಡ್ರಾ ಇದನ್ನ? ಆ ಎಲೆ ಎತ್ಕೊಂಡು ಬರೋರು ಯಾರು, ನಿಮ್ಮ ತಾತನಾ? ತಲೆ ಒರೆಸ್ಕೊಳ್ಳಿ ಮೊದಲು. ಹೇಳ್ತಾ ಇರೋದು ನಿಮಗೇ, ಆ ಕಡೆ ಏನು ನೋಡ್ತೀರಿ? ಗಮನ ಎಲ್ಲಿದೆ ಮಹಾರಾಯರದು?"

ನಂಜುಂಡ ಮೊದಲು ಕಿಸಕ್ಕೆಂದ. ಆಮೇಲೆ ಮೂವರೂ ಮರಳಿನ ಮೇಲೆ ಬಿದ್ದು ಹೊರಳಾಡಿದರು. ನೋಡಿಕೊಂಡರೆ ನನ್ನ ಕನ್ನಡಕ ಹಣೆಯ ಮೇಲಿತ್ತು, ಕೈಗಳು ಬೆನ್ನ ಹಿಂದಿದ್ದವು. "ಇದು ಕಣ್ಲಾ ನಮ್ ಪ್ರೊಫೆಸರು! ನಿನ್ನೆ ಯಾಕ್ಲಾ ಬಚ್ಚಿಟ್ಟಿದ್ದೆ?" ಎಂದ ಮಾದಪ್ಪ, ಉಸಿರು ಸಿಕ್ಕಿದ ಮೇಲೆ. ನಾನು ನಿಜಕ್ಕೂ ಸಿಟ್ಟಾಗಿದ್ದೆ. ಆದರೆ ಬಂದ ಕೀರ್ತಿಯನ್ನು ಬೇಡ ಎನ್ನುವಷ್ಟು ದೊಡ್ಡವನಲ್ಲ. ದೊಡ್ಡ ಕಲಾವಿದನ ಹಾಗೆ ಸಣ್ಣಗೆ ನಕ್ಕು ಸುಮ್ಮನಾದೆ.

ಅಲ್ಲೇ ಎತ್ತುಗಳ ಮೈ ತೊಳೆಯುತ್ತಿದ್ದ ಸಿದ್ದಯ್ಯ ಇದನ್ನೆಲ್ಲ ನೋಡುತ್ತಿದ್ದ. ಅವನ ಮಗ ನನ್ನ ತರಗತಿಯಲ್ಲೇ ಓದುವುದು. "ಯಾಕ್ ಸಾ ಇಂಗ್ ನಗ್ತೀರಿ?" ಎಂದು ಅವನು ಸ್ನೇಹಿತರನ್ನೇ ಕೇಳಿದ. "ನಮ್ ಮೇಷ್ಟ್ರು ಯಾವಾಗ್ಲೂ ಇಂಗೇಯ. ನಮ್ಮುಡ್ಗ ದಿನಾ ಮನೇಲಿ ಮಾಡಿ ತೋರುಸ್ತಾನೆ. ಕನ್ನಡಕ ಇಲ್ವಲ್ಲ, ಅವರವ್ವನ ಬಳೆ ಅಣೆಗಿಟ್ಕತಾನೆ." ಅಷ್ಟು ಹೇಳಿದ ಮೇಲೆ ನನ್ನ ಮುಖ ಕಾಣಿಸಿತೋ ಏನೋ, ಎತ್ತು ಹೊಡೆದುಕೊಂಡು ಮೇಲಕ್ಕೆ ಹೋಗಿಬಿಟ್ಟ.

ನನಗೆ ನಾಚಿಕೆಗಿಂತ ದುಃಖವೇ ಹೆಚ್ಚಾಯಿತು. ಯಾರನ್ನು ಅಣಕಿಸಿ ಇವರ ಸ್ನೇಹ ಸಂಪಾದಿಸಿದ್ದೆನೋ ನಾನು ಅವರೇ ಆಗಿಬಿಟ್ಟಿದ್ದೆ. ಅದು ನನ್ನೊಬ್ಬನನ್ನು ಬಿಟ್ಟು ಯಳಂದೂರಿಗೆಲ್ಲ ಗೊತ್ತಿತ್ತು.

ನಂಜುಂಡ ಎದ್ದು ಬಂದು ಪಕ್ಕದಲ್ಲಿ ಕೂತ. "ಲೇ, ನಮ್ಮ ಹಾಸ್ಟೆಲ್ ವಾರ್ಡನ್ನು ಬೀಗದ ಕೈ ಗೊಂಚಲು ಅಲ್ಲಾಡಿಸ್ಕೊಂಡು ಬರ್ತಿದ್ರಲ್ಲ, ನಾನೂ ಆಫೀಸಲ್ಲಿ ಹಾಗೇ ಓಡಾಡ್ತೀನಿ ಕಣೋ. ಗುಮಾಸ್ತರು ಗೊಂಚಲು ಸದ್ದು ಕೇಳಿ ಪೇಪರ್ ಮಡಚಿ ಇಡ್ತಾರೆ" ಎಂದ. ಮಾದಪ್ಪ, "ನಾನು ನಮ್ಮಪ್ಪ ಆಗೋಗಿವ್ನಿ. ಮಗ ಇನ್ನೂ ತೊಟ್ಲಲ್ಲವ್ನೆ, ಅವನಿಗೇ ಬುದ್ಧಿ ಏಳ್ತೀನಿ" ಎಂದ. ಶ್ರೀಕಂಠ ನೀರಿಗಿಳಿದು, ಎಸೆದಿದ್ದ ಎಲೆಯನ್ನು ಹುಡುಕಿ ತಂದ. ತಂದವನು ಅದನ್ನು ನನ್ನೆದುರು ಎರಡು ಕೈಯಲ್ಲಿ ಹಿಡಿದು, "ಸಾರ್" ಎಂದ. ಈ ಸಲ ಮೊದಲು ನಕ್ಕವನು ನಾನೇ. ಅಷ್ಟು ನಕ್ಕು ಆರು ವರ್ಷವಾಗಿತ್ತು. ಸಂಜೆ ಬಸ್ಸು ಹತ್ತುವವರೆಗೂ ವಾರ್ಡನ್ನು, ಮಾದಪ್ಪನ ಅಪ್ಪ, ಪ್ರೊಫೆಸರು ಮೂವರೂ ನಮ್ಮ ಜೊತೆಗೇ ಇದ್ದರು.

ಮೊನ್ನೆ ನಂಜುಂಡನ ಕಾರ್ಡು ಬಂದಿದೆ. ದಸರಾ ರಜೆಯಲ್ಲಿ ಮೂವರೂ ಮತ್ತೆ ಬರುತ್ತಾರಂತೆ, ಈ ಸಲ ಹೆಂಡತಿ ಮಕ್ಕಳ ಸಮೇತ. ಮೇಷ್ಟ್ರು ಬೈಯುವುದನ್ನು ಅವರಿಗೂ ತೋರಿಸಬೇಕಂತೆ. ಖುಷಿಯಿಂದ ಎರಡು ಸಲ ಓದಿದೆ. ಆಮೇಲೆ ಚಿಂತೆ ಹತ್ತಿತು. ನಟಿಸಿದರೆ ಯಾರೂ ನಗುವುದಿಲ್ಲ, ಅದು ಆ ಶನಿವಾರವೇ ಗೊತ್ತಾಗಿದೆ. ಮನೆ ತುಂಬ ನೆಂಟರು, ಮನಸ್ಸು ತುಂಬ ಸಂತೋಷ. ಅಂಥ ದಿನ ಸಿಟ್ಟು ಬರದೇ ಹೋದರೆ ನನ್ನ ಗತಿಯೇನು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡೆ.

ಅವಳು ಅಕ್ಕಿ ಆರಿಸುತ್ತ ತಲೆ ಎತ್ತದೆ, "ಅದನ್ನ ನನಗೆ ಬಿಡಿ" ಎಂದಳು.