ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಕರೆಂಟು ಹೋಗಬಹುದಿತ್ತು. ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಿಟ್ಟು, ನಾಟಿ ಶುರುವಾಗಿ, ಹೊಲಿಗೆಯ ಹೆಣ್ಣುಮಕ್ಕಳು ಗದ್ದೆಗೆ ಇಳಿದುಬಿಡಬಹುದಿತ್ತು. ಕುರುಗೋಡಿನ ಬಸ್ಸು ಕೆಡಬಹುದಿತ್ತು, ಯಾರದೋ ಮಗುವಿಗೆ ಜ್ವರ ಬರಬಹುದಿತ್ತು, ಜಿಪ್ಪುಗಳೆಲ್ಲ ಬೆರಳಷ್ಟು ಗಿಡ್ಡ ಬಂದಿರಬಹುದಿತ್ತು. ಆ ಗುರುವಾರದ ಬಗ್ಗೆ ನಾನು ಪಟ್ಟ ಚಿಂತೆಗಳಲ್ಲಿ ಇವು ಮೊದಲ ಪುಟದವು ಮಾತ್ರ. ಎರಡನೆಯ ಪುಟದಲ್ಲಿ ಭೂಕಂಪವೂ ಇತ್ತು.

ಬಳ್ಳಾರಿಯಲ್ಲಿ ನನ್ನದೊಂದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ಟು. ಎಂಟು ಮಷೀನು, ಎಂಟು ಹೆಣ್ಣುಮಕ್ಕಳು, ಅವರೆಲ್ಲರ ಪಾಲಿನ ಚಿಂತೆಯನ್ನು ಗುತ್ತಿಗೆ ಹಿಡಿದಿರುವ ನಾನೊಬ್ಬ. ಗುರುವಾರ ಸಂಜೆ ಆರಕ್ಕೆ ಲಾರಿ ಬರುವುದಿತ್ತು. ಅಷ್ಟರೊಳಗೆ ಉಳಿದ ನೂರೈವತ್ತು ಪ್ಯಾಂಟು ಮುಗಿಯದಿದ್ದರೆ ಈ ಹಂಗಾಮಿನ ಆರ್ಡರೆಲ್ಲ ಬೇರೆಯವರಿಗೆ ಎಂದು ವ್ಯಾಪಾರಿ ಹೇಳಿಬಿಟ್ಟಿದ್ದ. ಹಾಗಾದರೆ ನಾಲ್ಕು ಮಷೀನಿಗೆ ಬಟ್ಟೆ ಹೊದಿಸಿ, ನಾಲ್ವರಿಗೆ ನಾಳೆಯಿಂದ ಬರಬೇಡಿ ಎನ್ನಬೇಕು. ಯಾವ ನಾಲ್ವರಿಗೆ ಎಂದು ಯೋಚಿಸಿದರೆ ಊಟ ಸೇರುತ್ತಿರಲಿಲ್ಲ.

ಇದಕ್ಕೆ ತಿಂಗಳ ಮೊದಲು ಸಣ್ಣ ಉದ್ಯಮದವರಿಗೆಂದು ನಡೆದ ತರಬೇತಿಯೊಂದಕ್ಕೆ ಹೋಗಿ ಬಂದಿದ್ದೆ. ನಮ್ಮಂಥ ದೇಶ ಮೇಲೆ ಬರುವುದು ದುಡಿಯುವವರಿಂದ. ಅವರ ಓದು, ಆರೋಗ್ಯ, ಕೌಶಲ, ಸಮಯಪಾಲನೆ ಏರಿದಷ್ಟೂ ದೇಶ ಏರುತ್ತದೆ ಎಂದು ಒಬ್ಬ ಯುವಕ ಪರದೆಯ ಮೇಲೆ ಗೆರೆಗಳನ್ನು ಏರಿಸಿ ತೋರಿಸಿದ. ಓದು, ಆರೋಗ್ಯ ನನ್ನ ಕೈಯಲ್ಲಿರಲಿಲ್ಲ. ಸಮಯಪಾಲನೆಯನ್ನು ಹಿಡಿದುಕೊಂಡೆ. ದಪ್ಪನೆಯ ಹಾಜರಿ ಪುಸ್ತಕ ತಂದು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯತೊಡಗಿದೆ. ನಮ್ಮ ಜನಕ್ಕೆ ಟೈಮಿನ ಬೆಲೆ ಗೊತ್ತಿಲ್ಲ, ಅದಕ್ಕೇ ದೇಶ ಹೀಗಿದೆ ಎಂದು ಚಹಾದಂಗಡಿಯಲ್ಲಿ ಹೇಳುವುದೂ ರೂಢಿಯಾಯಿತು. ಅದನ್ನು ಸರಿಯಾಗಿ ವಿವರಿಸಲು ದಿನಕ್ಕೆ ಎರಡು ಗಂಟೆ ಬೇಕಾಗುತ್ತಿತ್ತು.

ನಮ್ಮಲ್ಲಿ ಹಿರಿಯಳು ಗಂಗಮ್ಮ. ಕುರುಗೋಡಿನಿಂದ ಇನ್ನೂ ನಾಲ್ವರನ್ನು ಕಟ್ಟಿಕೊಂಡು ದಿನಾ ಬಸ್ಸಿಗೆ ಬರುತ್ತಾಳೆ. ಓದಿದ್ದು ನಾಲ್ಕನೇ ಇಯತ್ತೆ; ಮಷೀನಿನ ಸದ್ದು ಕೇಳಿಯೇ ಸೂಜಿ ಯಾವಾಗ ಮುರಿಯುತ್ತದೆಂದು ಹೇಳುತ್ತಾಳೆ. ಬುಧವಾರ ಹೊರಡುವಾಗ ನನ್ನ ಮುಖ ನೋಡಿ, "ಚಿಂತಿ ಮಾಡಬ್ಯಾಡ್ರಿ ಅಣ್ಣಾರ, ನಾಳೆ ಲಗೂನ ಬರ್ತೀವಿ" ಎಂದಳು. ಸಮಾಧಾನದ ಮಾತು ಕೇಳಿದರೆ ನನಗೆ ಅನುಮಾನ ಹೆಚ್ಚಾಗುತ್ತದೆ.

ಹಾಗಾಗಿ ಗುರುವಾರ ಬೆಳಿಗ್ಗೆ ಬಾಡಿಗೆಯ ಟೆಂಪೋ ಮಾಡಿಕೊಂಡು ನಾನೇ ಕುರುಗೋಡಿಗೆ ಹೊರಟೆ. ಒಂದು ಫೋನು ಮಾಡಿ ಕೇಳಬಾರದೇ ಎಂದು ನನ್ನ ಹೆಂಡತಿ ಅಂದಳು. ಫೋನಿನಲ್ಲಿ ಎಲ್ಲರೂ ಬರ್ತೀನಿ ಅಂತಲೇ ಹೇಳುತ್ತಾರೆ ಎಂದೆ. ದಾರಿಯಲ್ಲಿ ಎದುರಿಗೆ ಬಸ್ಸೊಂದು ತುಂಬಿಕೊಂಡು ಹೋಯಿತು. ಇಷ್ಟು ಜನ ತುಂಬಿದರೆ ಏನಾದೀತೋ ಎಂದು ಅದಕ್ಕೂ ಸ್ವಲ್ಪ ಚಿಂತೆ ಮಾಡಿದೆ.

ಗಂಗಮ್ಮನ ಮನೆಯಲ್ಲಿ ಅವಳ ಅತ್ತೆ ಒಬ್ಬರೇ ಇದ್ದರು. ಸೊಸೆ ಮೊದಲನೇ ಬಸ್ಸಿಗೇ ಹೋದಳೆಂದರು. ಬಂದವರನ್ನು ಬರಿಗೈಲಿ ಕಳಿಸುವವರಲ್ಲ, ಚಹಾಕ್ಕಿಟ್ಟರು. ಲೋಟ ಕೈಗೆ ಬಂದಾಗ ಗಂಗಮ್ಮನ ಫೋನು ಬಂತು.

"ಅಣ್ಣಾರ, ಎಲ್ಲಿ ಅದೀರಿ?"

"ನಿಮ್ಮ ಮನ್ಯಾಗ."

"ನಮ್ಮನ್ಯಾಗ ಏನ್ ಮಾಡಾಕ ಹತ್ತೀರಿ? ನಾವು ಎಂಟೂ ಮಂದಿ ಇಲ್ಲಿ ಶಟರ್ ಮುಂದ ಕುಂತೀವಿ."

ಶಟರಿನ ಬೀಗದ ಕೈಗಾಗಿ ಜೇಬು ಮುಟ್ಟಿ ನೋಡಿಕೊಂಡೆ. ಇತ್ತು.

ವಾಪಸು ಬರುವಷ್ಟರಲ್ಲಿ ಒಂಬತ್ತೂವರೆ. ಒಂದೂವರೆ ಗಂಟೆಯಿಂದ ಅವರು ಮೆಟ್ಟಿಲ ಮೇಲಿದ್ದರು. ನಮ್ಮಲ್ಲಿ ಹೊಲಿದಷ್ಟಕ್ಕೆ ಕೂಲಿ. ಪೋಲಾದ ಹೊತ್ತು ನನ್ನದಲ್ಲ, ಅವರದು. ಕೌಶಲ, ಆರೋಗ್ಯ, ಸಮಯಪಾಲನೆ, ಎಲ್ಲವೂ ಬುತ್ತಿ ಕಟ್ಟಿಕೊಂಡು ಬಂದು ಬಾಗಿಲ ಹೊರಗೆ ಬಿಸಿಲಿಗೆ ಕೂತಿತ್ತು. ಆ ಯುವಕನ ಪರದೆಯಲ್ಲಿ ಇದಕ್ಕೊಂದು ಗೆರೆ ಇದ್ದ ನೆನಪು ನನಗಿಲ್ಲ.

ಶಟರ್ ಎತ್ತಿದ್ದೇ ತಡ, ಎಲ್ಲರೂ ಮಷೀನಿಗೆ ಕೂತರು. ಮಧ್ಯಾಹ್ನ ಇಬ್ಬಿಬ್ಬರಾಗಿ ಎದ್ದು ಉಂಡು ಬಂದರು, ಉಳಿದ ಮಷೀನು ನಿಲ್ಲಲಿಲ್ಲ. ನನಗೆ ದಾರದ ತುದಿ ಕತ್ತರಿಸುವ ಕೆಲಸ ಕೊಟ್ಟಿದ್ದರು. ಒಂದು ಪ್ಯಾಂಟಿನ ಬೆಲ್ಟಿನ ಪಟ್ಟಿಯನ್ನೇ ಕತ್ತರಿಸಿದ ಮೇಲೆ ಕತ್ತರಿಯನ್ನು ವಾಪಸು ಇಸಿದುಕೊಂಡರು. ಲಾರಿಯವನು ಎರಡನೇ ಸಲ ಹಾರನ್ ಹೊಡೆಯುವಾಗ ಪ್ಯಾಂಟಿನ ಕೊನೆಯ ಕಟ್ಟಿಗೆ ಗಂಟು ಬಿತ್ತು. ನಾಲ್ಕು ಮಷೀನಿಗೆ ಹೊದಿಸಬೇಕಿದ್ದ ಬಟ್ಟೆಯಲ್ಲಿ ಗಂಗಮ್ಮ ಮುಖ ಒರೆಸಿಕೊಂಡು ಬಸ್ಸಿಗೆ ಓಡಿದಳು.

ಮರುದಿನ ಹಾಜರಿ ಪುಸ್ತಕ ತೆರೆದೆ. ಗಂಗಮ್ಮ ಬಂದು ಪಕ್ಕದಲ್ಲಿ ನಿಂತಳು. "ನಿನ್ನಿದು ಬರದಿಲ್ಲಲ್ರಿ, ಅಣ್ಣಾರ. ನಾವು ಎಂಟು ಗಂಟಿಗೇ ಬಂದೀವಿ, ಹಂಗ ಬರೀರಿ. ನಿಮ್ಮ ಹೆಸರು ಎಲ್ಲೈತಿ?"

ಹುಡುಕಿದೆ. ಇರಲಿಲ್ಲ. ಕೆಳಗೊಂದು ಸಾಲು ಖಾಲಿ ಇತ್ತು. ಒಂಬತ್ತನೆಯದಾಗಿ ಬರೆದು, ಮುಂದೆ ಕೆಂಪು ಗೆರೆ ಎಳೆದೆ. ಅವಳು ಕೈ ಚಾಚಿದಳು. ಪೆನ್ನು ಕೊಡಹೋದೆ.

"ಅದಲ್ರಿ," ಎಂದಳು, "ಬೀಗದ ಕೈ."